ಮಿಲಿಷಿಯಾ ಅಧಿಕಾರಿಯ ಸಮಜಾಯಿಷಿ ಪತ್ರವನ್ನು ಓದುವ ಬಗೆ

ಅಮೆರಿಕ ಸಂಯುಕ್ತ ಸಂಸ್ಥಾನದ ಆರಂಭಿಕ ದಶಕಗಳ ಸೇನಾ ದಾಖಲೆಗಳನ್ನು ಅಭ್ಯಾಸ ಮಾಡುವವರಿಗೆ ಒಂದು ಬಗೆಯ ಪತ್ರ ಎದುರಾಗುತ್ತದೆ: ತನ್ನ ವಶಕ್ಕೆ ಬಂದ ಸರ್ಕಾರಿ ಬಂದೂಕು, ಸಿಡಿಮದ್ದು, ಸೀಸ, ಆಹಾರಸಾಮಗ್ರಿಗಳಲ್ಲಿ ಯಾವುದನ್ನೂ ಸ್ವಂತಕ್ಕೆ ಬಳಸಿಕೊಂಡಿಲ್ಲವೆಂದು ಮಿಲಿಷಿಯಾದ, ಅಂದರೆ ಕಾಯಂ ಸೇನೆಯಲ್ಲದ ನಾಗರಿಕ ಪಡೆಯ, ಅಧಿಕಾರಿಯೊಬ್ಬ ಮೇಲಧಿಕಾರಿಗಳಿಗೆ ಸಲ್ಲಿಸಿದ ಸಮಜಾಯಿಷಿ. ಇಂಥ ಪತ್ರದ ಧಾಟಿಗೆ ಮರುಳಾಗಿ ಅವನನ್ನು ನಿರಪರಾಧಿಯೆಂದು ನಂಬುವುದೂ, ಆರೋಪ ಬಂದದ್ದರಿಂದಲೇ ಕಳ್ಳನೆಂದು ತೀರ್ಮಾನಿಸುವುದೂ ಸಮಾನವಾದ ತಪ್ಪುಗಳು. ಪತ್ರವನ್ನು ಲೆಕ್ಕದ ಪುಸ್ತಕವೆಂಬಂತೆ ಓದಬೇಕು.

ಮೊದಲು ಪತ್ರದ ತಾರೀಖನ್ನು ನೋಡಿ, ಆ ಕಾಲದಲ್ಲಿ ಯಾವ ವಸ್ತು ಸರ್ಕಾರದ್ದು, ಯಾವುದು ಸೈನಿಕನದು ಎಂಬುದನ್ನು ಖಚಿತಪಡಿಸಿಕೊಳ್ಳಿ. 1792ರ ಮೇ 8ರ ಮಿಲಿಷಿಯಾ ಕಾಯಿದೆಯ ಪ್ರಕಾರ ಪ್ರತಿಯೊಬ್ಬ ಸದಸ್ಯನೂ ಬಂದೂಕು, ಬಯೊನೆಟ್, ಎರಡು ಹೆಚ್ಚುವರಿ ಚಕಮಕಿ ಕಲ್ಲು, 24ಕ್ಕೆ ಕಡಿಮೆಯಿಲ್ಲದಷ್ಟು ತೋಟಾಗಳು ಹಿಡಿಯುವ ಚೀಲ ಇವೆಲ್ಲವನ್ನೂ ತಾನೇ ಹೊಂದಿಸಿಕೊಳ್ಳಬೇಕಾಗಿತ್ತು. ರೈಫಲ್ ತರುವವನಾದರೆ 20 ಗುಂಡುಗಳೂ ಕಾಲು ಪೌಂಡ್ ಮದ್ದೂ ಅವನ ಹೊಣೆಯಾಗಿದ್ದವು. ಎಲ್ಲರಿಗೂ ಇದು ಸಾಧ್ಯವಾಗದಿದ್ದುದರಿಂದ ಒಂದೇ ಕಂಪನಿಯಲ್ಲಿ (ಸೈನಿಕ ತುಕಡಿಯಲ್ಲಿ) ಸ್ವಂತ ಬಂದೂಕು ಹಿಡಿದವನೂ ಸರ್ಕಾರದ ಬಂದೂಕು ಪಡೆದವನೂ ಅಕ್ಕಪಕ್ಕದಲ್ಲಿ ನಿಂತಿರಬಹುದಾಗಿತ್ತು, ಮತ್ತು ಸೇವೆಯ ಅವಧಿ ಮುಗಿದು ಜನ ಊರಿಗೆ ಮರಳುವಾಗ ಎರಡನ್ನೂ ಬೇರ್ಪಡಿಸಿ ಸರ್ಕಾರದ್ದನ್ನು ವಾಪಸು ಪಡೆಯುವ ಕೆಲಸ ಆ ಅಧಿಕಾರಿಯ ತಲೆಗೆ ಬರುತ್ತಿತ್ತು. ಬಂದೂಕುಗಳ ಕೊರತೆಗೆ ಕಳವಲ್ಲದ ಕಾರಣಗಳನ್ನು ಹುಡುಕಬೇಕಾದ ಮೊದಲ ಜಾಗ ಇದೇ. ಮಿಲಿಷಿಯಾದ ಶಸ್ತ್ರಗಳಿಗಾಗಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸು ವರ್ಷಕ್ಕೆ 2,00,000 ಡಾಲರ್ ಗೊತ್ತುಮಾಡಿದ್ದು 1808ರಲ್ಲಿ; ಅದಕ್ಕಿಂತ ಹಿಂದಿನ ಪತ್ರವನ್ನೂ ನಂತರದ ಪತ್ರವನ್ನೂ ಒಂದೇ ಅಳತೆಯಿಂದ ಅಳೆಯಬಾರದು.

ಅನಂತರ ಒಂದು ಹಾಳೆಯಲ್ಲಿ ನಾಲ್ಕು ಅಂಕಣಗಳನ್ನು ಎಳೆದು, ಬಂದದ್ದು, ಹಂಚಿದ್ದು, ಉಳಿದದ್ದು, ಕೆಟ್ಟದ್ದು ಅಥವಾ ಕಳೆದದ್ದು ಎಂದು ಪತ್ರದಲ್ಲಿರುವ ಪ್ರತಿ ಸಂಖ್ಯೆಯನ್ನೂ ಬರೆದುಕೊಳ್ಳಿ. ಕೊನೆಯ ಮೂರು ಮೊತ್ತಗಳು ಸೇರಿ ಮೊದಲನೆಯದಕ್ಕೆ ಸರಿಹೊಂದದಿದ್ದರೆ ವ್ಯತ್ಯಾಸ ಯಾವ ಸಾಮಗ್ರಿಯಲ್ಲಿದೆ ಎಂಬುದು ಮುಖ್ಯ. ಸಿಡಿಮದ್ದು ಅಭ್ಯಾಸದಲ್ಲಿ ಖರ್ಚಾಗುತ್ತದೆ, ತೇವ ತಗುಲಿದರೆ ಕೆಡುತ್ತದೆ; ಸೀಸಕ್ಕೆ ತೇವದ ನೆಪ ಹೇಳಲಾಗದು. ಹಂಚಿದ್ದಕ್ಕೆ ಪಡೆದವನ ಸಹಿಯಿರುವ ರಸೀದಿ ಇದೆಯೇ, ಅಥವಾ ಅಧಿಕಾರಿಯ ಮಾತೊಂದೇ ಆಧಾರವೇ ಎಂಬುದನ್ನು ಪ್ರತಿ ಸಾಲಿನ ಮುಂದೆ ಗುರುತಿಸಿ. ಅದೇ 1792ರ ಕಾಯಿದೆ ಬ್ರಿಗೇಡ್ ಇನ್ಸ್‌ಪೆಕ್ಟರನಿಗೆ ಶಸ್ತ್ರಗಳನ್ನು ಪರಿಶೀಲಿಸಿ ವರ್ಷಕ್ಕೊಮ್ಮೆಯಾದರೂ ರಾಜ್ಯದ ಅಡ್ಜುಟೆಂಟ್ ಜನರಲ್‌ಗೆ (ಮಿಲಿಷಿಯಾದ ಆಡಳಿತ ನೋಡಿಕೊಳ್ಳುವ ಅಧಿಕಾರಿಗೆ) ವರದಿ ಕಳಿಸುವ ಕರ್ತವ್ಯವನ್ನು ವಹಿಸಿತ್ತು. ಆ ವರದಿ ಸಿಕ್ಕರೆ ಅಧಿಕಾರಿಯ ಲೆಕ್ಕವನ್ನು ಅವನಲ್ಲದ ಇನ್ನೊಬ್ಬನ ಲೆಕ್ಕದೊಡನೆ ತಾಳೆ ನೋಡಬಹುದು, ಮತ್ತು ನನ್ನ ಮಟ್ಟಿಗೆ ಇದಕ್ಕಿಂತ ಬೆಲೆಯುಳ್ಳ ಸಾಕ್ಷ್ಯ ಬೇರೆಯಿಲ್ಲ.

ಸರ್ಕಾರದ ಕಡೆಯ ಪ್ರತಿ ಸಿಗಲಿಲ್ಲವೆಂದು ಅಧಿಕಾರಿಯ ಮೇಲೆ ಅನುಮಾನಪಡಬೇಡಿ. 1800ರ ನವೆಂಬರ್ 8ರಂದು ಯುದ್ಧ ಇಲಾಖೆಯ ಕಚೇರಿಗೆ ಬೆಂಕಿ ಬಿದ್ದು ಅಲ್ಲಿಯವರೆಗಿನ ಕಡತಗಳು ಸುಟ್ಟುಹೋದವು. ಪತ್ರ ಬರೆದವರ ಮನೆಗಳಲ್ಲೂ ರಾಜ್ಯಗಳ ದಫ್ತರುಗಳಲ್ಲೂ ಉಳಿದ ನಕಲುಗಳನ್ನು ಹುಡುಕುವುದೇ ಆಗ ಉಳಿಯುವ ದಾರಿ.

ಕೊನೆಯದಾಗಿ, ವಂಚನೆಯನ್ನೂ ಅನುಚಿತ ಬಳಕೆಯನ್ನೂ ಬೇರೆಬೇರೆಯಾಗಿ ತೂಗಬೇಕು. ಬೆನೆಡಿಕ್ಟ್ ಆರ್ನಲ್ಡ್ ಮಿಲಿಷಿಯಾದವನಲ್ಲ, ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದ ಕಾಂಟಿನೆಂಟಲ್ ಸೇನೆಯ ಮೇಜರ್ ಜನರಲ್. ಆದರೂ ಅವನ ವಿಚಾರಣೆ ಇಲ್ಲಿ ದಾರಿ ತೋರಿಸುತ್ತದೆ. ಸಾರ್ವಜನಿಕ ಗಾಡಿಗಳಲ್ಲಿ ಖಾಸಗಿ ಸರಕು ಸಾಗಿಸಿದನೆಂಬ ಆರೋಪದ ಬಗ್ಗೆ ಸೇನಾ ನ್ಯಾಯಾಲಯ 1780ರ ಜನವರಿಯಲ್ಲಿ ತೀರ್ಪು ಕೊಡುವಾಗ, ಅವನಿಗೆ ಬೊಕ್ಕಸವನ್ನು ವಂಚಿಸುವ ಉದ್ದೇಶವಿರಲಿಲ್ಲವೆಂದು ಒಪ್ಪಿಯೂ, ಅವನ ಸ್ಥಾನದಲ್ಲಿದ್ದವನು ಆ ಗಾಡಿಗಳನ್ನು ಕೇಳುವುದೇ ತಪ್ಪೆಂದು ಹೇಳಿತು, ಪ್ರಧಾನ ಸೇನಾಪತಿ ವಾಷಿಂಗ್ಟನ್ ಅವನಿಗೆ ಛೀಮಾರಿ ಹಾಕಬೇಕಾಯಿತು. ಮುಂದೆ ಬ್ರಿಟಿಷರ ಕಡೆ ಸೇರಿ ಅವನು ಮಾಡಿದ ದ್ರೋಹವನ್ನು ಈ ಗಾಡಿಗಳ ಪ್ರಕರಣಕ್ಕೆ ಹೊರಿಸದಿರುವುದು ಓದುಗನಾದವನು ಪಾಲಿಸಬೇಕಾದ ಶಿಸ್ತು. ನಿಮ್ಮ ಟಿಪ್ಪಣಿಯಲ್ಲಿ ಕೊನೆಗೆ ಬರೆಯಬೇಕಾದದ್ದು ಅಧಿಕಾರಿಯ ಗುಣದ ಮಾತಲ್ಲ; ಇಷ್ಟು ಬಂದೂಕು, ಇಷ್ಟು ಪೌಂಡ್ ಮದ್ದು ಲೆಕ್ಕಕ್ಕೆ ಸಿಗಲಿಲ್ಲ, ಇಂಥ ರಸೀದಿ ಇಲ್ಲ ಎಂಬ ವಿವರ ಮಾತ್ರ.