ವೆಂಟಿಲೇಟರ್‌ನಲ್ಲಿರುವ ರೋಗಿಯ ಶ್ವಾಸಕೋಶವನ್ನು ಅಲ್ಟ್ರಾಸೌಂಡ್‌ನಿಂದ ಪ್ರತಿದಿನ ಪರಿಶೀಲಿಸುವ ಕ್ರಮ

ಮಳೆಗಾಲದಲ್ಲಿ ಉಡುಪಿ, ಮಂಗಳೂರಿನ ಐಸಿಯುಗಳಿಗೆ ಇಲಿಜ್ವರ ಉಲ್ಬಣಿಸಿ, ಶ್ವಾಸಕೋಶದೊಳಗೆ ರಕ್ತಸ್ರಾವವಾದ ರೋಗಿಗಳು ಬರುವುದುಂಟು. ಅಂಥವರನ್ನು ವೆಂಟಿಲೇಟರ್ ಸಹಿತ ಸಿಟಿ ಸ್ಕ್ಯಾನ್ ಕೋಣೆಗೆ ಸಾಗಿಸುವುದೇ ಒಂದು ಅಪಾಯವಾದ್ದರಿಂದ, ಹಾಸಿಗೆಯ ಬಳಿಯಲ್ಲೇ ಮಾಡಬಹುದಾದ ಅಲ್ಟ್ರಾಸೌಂಡ್ ಬಹಳ ಉಪಯುಕ್ತ. ಯಂತ್ರವು 1994ರ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆಯುವ) ಕಾಯ್ದೆಯಡಿ ನೋಂದಣಿಯಾಗಿರಬೇಕು. ಶ್ವಾಸಕೋಶಕ್ಕಷ್ಟೇ ಬಳಸುತ್ತೇವೆಂದು ವಿನಾಯಿತಿ ಸಿಗುವುದಿಲ್ಲ.

ಸಾಮಾನ್ಯವಾಗಿ 2ರಿಂದ 5 ಮೆಗಾಹರ್ಟ್ಸ್‌ನ ಬಾಗಿದ ಪ್ರೋಬ್ ಸಾಕು. ಚಿತ್ರವನ್ನು ನುಣುಪುಗೊಳಿಸುವ ಸೌಲಭ್ಯಗಳನ್ನು ಆಫ್ ಮಾಡಿ, ಫೋಕಸನ್ನು ಪ್ಲೂರಾದ (ಶ್ವಾಸಕೋಶವನ್ನು ಆವರಿಸಿದ ತೆಳು ಪೊರೆ) ಗೆರೆಯ ಮಟ್ಟಕ್ಕೆ ತನ್ನಿ. ಪ್ರತಿ ಬದಿಯ ಎದೆಯನ್ನು ಮುಂಭಾಗ, ಪಾರ್ಶ್ವ, ಹಿಂಭಾಗ ಎಂದು ಮೂರಾಗಿಯೂ ಪ್ರತಿಯೊಂದನ್ನು ಮೇಲೆ, ಕೆಳಗೆ ಎಂದು ಎರಡಾಗಿಯೂ ವಿಂಗಡಿಸಿದರೆ ಒಟ್ಟು 12 ಜಾಗಗಳಾಗುತ್ತವೆ. ಅಂಗಾತ ಮಲಗಿದವರಲ್ಲಿ ನೀರು ನಿಲ್ಲುವುದೂ ಶ್ವಾಸಕೋಶ ಕುಸಿಯುವುದೂ ಹೆಚ್ಚಾಗಿ ಬೆನ್ನಿನ ಕಡೆಯಲ್ಲೇ. ಆದರೆ ರೋಗಿಯನ್ನು ಹೊರಳಿಸಲು ಇಬ್ಬರು ಬೇಕೆಂಬ ಕಾರಣಕ್ಕೆ ಅವಸರದಲ್ಲಿ ಬಿಟ್ಟುಹೋಗುವುದೂ ಅದೇ ಭಾಗ. ದಾದಿಯರು ಮೈ ಒರೆಸಲು ಹೊರಳಿಸುವ ಸಮಯಕ್ಕೇ ಸ್ಕ್ಯಾನನ್ನು ಹೊಂದಿಸಿಕೊಳ್ಳುವುದು ಜಾಣತನ.

ಗಾಳಿ ತುಂಬಿದ ಶ್ವಾಸಕೋಶದಲ್ಲಿ ಪ್ಲೂರಾದ ಕೆಳಗೆ ಮರುಕಳಿಸುವ ಅಡ್ಡಗೆರೆಗಳು ಎ ಗೆರೆಗಳು; ಗಾಳಿ ಕಡಿಮೆಯಾದಾಗ ಪ್ಲೂರಾದಿಂದ ಕೆಳಕ್ಕೆ ಇಳಿಯುವ ಬಿಳಿ ಗೆರೆಗಳು ಬಿ ಗೆರೆಗಳು. ಪ್ರತಿ ಜಾಗಕ್ಕೂ, ಎ ಗೆರೆಗಳಿದ್ದು ಬಿ ಗೆರೆಗಳು ಎರಡನ್ನು ಮೀರದಿದ್ದರೆ 0, ಬಿಡಿಬಿಡಿಯಾಗಿ ಮೂರು ಅಥವಾ ಹೆಚ್ಚು ಬಿ ಗೆರೆಗಳಿದ್ದರೆ 1, ಅವು ಒಂದಕ್ಕೊಂದು ಬೆರೆತಿದ್ದರೆ 2, ಶ್ವಾಸಕೋಶವು ಯಕೃತ್ತಿನಂತೆ ಗಟ್ಟಿಯಾಗಿ ಕಂಡರೆ 3 ಅಂಕ ಕೊಡಿ. ಗರಿಷ್ಠ ಮೊತ್ತ 36. ಒಂದು ದಿನದ ಮೊತ್ತಕ್ಕಿಂತ ಯಾವ ಜಾಗದ ಅಂಕ ನಿನ್ನೆಗಿಂತ ಬದಲಾಗಿದೆ ಎಂಬುದೇ ಮುಖ್ಯವಾದ್ದರಿಂದ, ಅಂದಿನ ಭಂಗಿ ಮತ್ತು ಪೀಪ್ ಒತ್ತಡವನ್ನೂ (ಉಸಿರು ಬಿಟ್ಟ ಕೊನೆಯಲ್ಲಿ ವೆಂಟಿಲೇಟರ್ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) ಪಕ್ಕದಲ್ಲೇ ಬರೆದಿಡಿ.

ಆಮ್ಲಜನಕದ ಮಟ್ಟ ಹಠಾತ್ತನೆ ಕುಸಿದರೆ ಮೊದಲು ಪ್ಲೂರಾದ ಚಲನೆಯನ್ನು ನೋಡಬೇಕು. ಆರೋಗ್ಯವಂತ ಶ್ವಾಸಕೋಶವು, ಒಂದೇ ಗೆರೆಯುದ್ದಕ್ಕಿನ ಚಲನೆಯನ್ನು ಕಾಲಕ್ರಮದಲ್ಲಿ ತೋರಿಸುವ ಎಂ-ಮೋಡ್‌ನಲ್ಲಿ ಮೇಲೆ ಅಲೆ, ಕೆಳಗೆ ಮರಳು ಇರುವ ಕಡಲತೀರದಂತೆ ಕಾಣುತ್ತದೆ. ಮಲ್ಪೆ, ಪಣಂಬೂರು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮರಳು ಮಾಯವಾಗಿ ಬರೇ ಅಡ್ಡಗೆರೆಗಳು ಉಳಿದರೆ ನ್ಯೂಮೋಥೊರಾಕ್ಸ್ (ಶ್ವಾಸಕೋಶ ಮತ್ತು ಎದೆಗೋಡೆಯ ನಡುವೆ ಗಾಳಿ ಸೇರುವುದು) ಇರಬಹುದು. ಆದರೆ ವೆಂಟಿಲೇಟರ್‌ನ ಉಸಿರಾಟದ ಕೊಳವೆ ಬಲ ಶ್ವಾಸನಾಳಕ್ಕೆ ಇಳಿದಾಗ ಎಡಗಡೆಯಲ್ಲಿಯೂ, ಹಳೆಯ ಕ್ಷಯದಿಂದ ಪ್ಲೂರಾ ಅಂಟಿಕೊಂಡಲ್ಲಿಯೂ ಚಲನೆ ನಿಲ್ಲುತ್ತದೆ. ಹೃದಯದ ಬಡಿತಕ್ಕೆ ಪ್ಲೂರಾ ಮಿಡಿಯುತ್ತಿದ್ದರೆ ಆ ಜಾಗದಲ್ಲಿ ನ್ಯೂಮೋಥೊರಾಕ್ಸ್ ಇಲ್ಲ. ಆದ್ದರಿಂದ ಗಾಳಿ ಹೊರತೆಗೆಯಲು ಸೂಜಿ ಹಿಡಿಯುವ ಮೊದಲು ಕೊಳವೆಯ ಆಳವನ್ನು ಪರೀಕ್ಷಿಸಿ. ರೋಗಿಯ ರಕ್ತದೊತ್ತಡ ಬೀಳುತ್ತಿದ್ದರೆ ಮಾತ್ರ ಸ್ಕ್ಯಾನ್‌ಗಾಗಿ ಕಾಯಬಾರದು.

ಪೀಪ್ ಏರಿಸಿದ ಮೇಲೆ ಅಂಕ ಇಳಿದರೆ ಕುಸಿದ ಭಾಗ ತೆರೆದಿದೆ ಎನ್ನಬಹುದು. ಅತಿಯಾಗಿ ಹಿಗ್ಗಿದ ಶ್ವಾಸಕೋಶವೂ ಎ ಗೆರೆಗಳನ್ನೇ ತೋರಿಸುವುದರಿಂದ, ಪ್ಲೇಟೋ ಒತ್ತಡವನ್ನು (ಉಸಿರು ತುಂಬಿ ಗಾಳಿಯ ಹರಿವು ನಿಂತಾಗಿನ ಒತ್ತಡ) ನೋಡದೆ ಪೀಪ್ ಏರಿಸುತ್ತಾ ಹೋಗಬಾರದು. ಕೊಳವೆ ತೆಗೆಯುವ ಮುನ್ನ ಸ್ವಂತ ಉಸಿರಾಟದ ಪರೀಕ್ಷೆಯ ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಅಂಕ ಎಣಿಸಿ. ಆ ಅವಧಿಯಲ್ಲಿ ಅಂಕ ಸ್ಪಷ್ಟವಾಗಿ ಏರಿದರೆ, ರೋಗಿ ನಿರಾಳವಾಗಿ ಕಂಡರೂ, ಹೃದಯವನ್ನೂ ದೇಹದ ನೀರಿನ ಲೆಕ್ಕವನ್ನೂ ಪರಿಶೀಲಿಸುವವರೆಗೆ ಕೊಳವೆಯನ್ನು ತೆಗೆಯದಿರುವುದು ಒಳ್ಳೆಯದು.