ಕಾರ್ಖಾನೆಯಲ್ಲಿ ವರ್ಕ್ಸ್ ಕಮಿಟಿ ರಚಿಸುವ ಬಗೆ

ನೂರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯಲ್ಲಿ ವರ್ಕ್ಸ್ ಕಮಿಟಿಯನ್ನು, ಅಂದರೆ ಕಾರ್ಮಿಕರ ಮತ್ತು ಆಡಳಿತದ ಪ್ರತಿನಿಧಿಗಳು ಒಟ್ಟಿಗೆ ಕೂರುವ ಸಮಿತಿಯನ್ನು, ರಚಿಸುವಂತೆ ಸರ್ಕಾರ ಆದೇಶಿಸಬಹುದೆಂದು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 3ನೇ ಕಲಮು ಹೇಳುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ 3ನೇ ಕಲಮೂ ಅದನ್ನೇ ಹೇಳುತ್ತದೆ. ಆದರೆ ಆದೇಶ ಬರುವವರೆಗೆ ಕಾಯಬೇಕೆಂದೇನೂ ಇಲ್ಲ. ಆಡಳಿತ ವರ್ಗ ತಾನಾಗಿಯೇ ಮುಂದಾಗಿ ರಚಿಸಿದ ಸಮಿತಿಯ ಮೇಲೆ ಕಾರ್ಮಿಕರಿಗೆ ನಂಬಿಕೆ ಹೆಚ್ಚು.

ಮೊದಲು ವಿಭಾಗವಾರು, ಪಾಳಿವಾರು ಹಾಜರಿ ಪಟ್ಟಿ ಮಾಡಿಕೊಳ್ಳಬೇಕು. ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವ ಮೇಲ್ವಿಚಾರಕರು ಸಂಹಿತೆಯ ಅರ್ಥದಲ್ಲಿ ಕಾರ್ಮಿಕರಲ್ಲವಾದ್ದರಿಂದ ಅವರನ್ನು ಮತದಾರರ ಪಟ್ಟಿಗೆ ಸೇರಿಸುವಂತಿಲ್ಲ. ಕಾರ್ಮಿಕ ಪ್ರತಿನಿಧಿಗಳ ಸಂಖ್ಯೆ ಆಡಳಿತದ ಪ್ರತಿನಿಧಿಗಳ ಸಂಖ್ಯೆಗಿಂತ ಕಡಿಮೆ ಇರಕೂಡದು; ನೋಂದಾಯಿತ ಕಾರ್ಮಿಕ ಸಂಘವಿದ್ದರೆ ಅದರೊಡನೆ ಸಮಾಲೋಚಿಸಿಯೇ ಪ್ರತಿನಿಧಿಗಳನ್ನು ಆರಿಸಬೇಕು.

ಹೆಚ್ಚಿನ ಕಡೆ ಎಡವುವುದು ಈ ಆಯ್ಕೆಯಲ್ಲೇ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಘಟಕದಲ್ಲಿ ಚುನಾವಣೆಯ ಗೊಡವೆಯೇ ಬೇಡವೆಂದು ಸಿಬ್ಬಂದಿ ವಿಭಾಗವೇ ಐದು ಹೆಸರು ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿತು. ಐವರೂ ಜನರಲ್ ಶಿಫ್ಟಿನವರು. ರಾತ್ರಿ ಪಾಳಿಯವರಿಗೆ ಕ್ಯಾಂಟೀನಿನಲ್ಲಿ ಸಿಗುತ್ತಿದ್ದುದು ತಣ್ಣಗಾದ ಚಿತ್ರಾನ್ನ ಮಾತ್ರ ಎಂಬ ಸಂಗತಿ ಸಭೆಯ ಮುಂದೆ ಬರಲು ಎಂಟು ತಿಂಗಳು ಹಿಡಿಯಿತು, ಏಕೆಂದರೆ ಆ ಐವರಲ್ಲಿ ಯಾರೂ ಆ ಹೊತ್ತಿನಲ್ಲಿ ಅಲ್ಲಿ ಊಟ ಮಾಡಿದವರಲ್ಲ. ಆದ್ದರಿಂದ ಪ್ರತಿ ಪಾಳಿಗೂ ಸ್ಥಾನ ಮೀಸಲಿಟ್ಟು, ಗುಪ್ತ ಮತದಾನ ನಡೆಸಿ, ಅಭ್ಯರ್ಥಿಗಳ ಎದುರಿನಲ್ಲೇ ಮತ ಎಣಿಸಬೇಕು. ಮಹಿಳೆಯರು ಹೆಚ್ಚಿರುವ ವಿಭಾಗಗಳಿಂದ ಮಹಿಳೆಯರೇ ಬರುವಂತೆ ನೋಡಿಕೊಳ್ಳುವುದೂ ಅಗತ್ಯ. ಆಡಳಿತದ ಕಡೆಯಿಂದ ಬರುವವರು ಖರ್ಚಿಗೆ ಸಹಿ ಹಾಕುವ ಅಧಿಕಾರವುಳ್ಳವರಾಗಿರಬೇಕು; ‘ಮೇಲಿನವರನ್ನು ಕೇಳಿ ಹೇಳುತ್ತೇನೆ’ ಎನ್ನುವವರಷ್ಟೇ ಕುಳಿತ ಸಭೆಗೆ ಮೂರನೆಯ ಸಲ ಯಾರೂ ಬರುವುದಿಲ್ಲ.

ಸಮಿತಿಯ ವ್ಯಾಪ್ತಿಯನ್ನು ಆರಂಭದಲ್ಲೇ ಬರೆದಿಡಬೇಕು. 1959ರ ಭಾರತೀಯ ಕಾರ್ಮಿಕ ಸಮ್ಮೇಳನ ಅಂಗೀಕರಿಸಿದ ಮಾದರಿ ಪಟ್ಟಿ ಇಂದಿಗೂ ಒಳ್ಳೆಯ ಆಧಾರವೇ: ಗಾಳಿ, ಬೆಳಕು, ಕುಡಿಯುವ ನೀರು, ಕ್ಯಾಂಟೀನು, ವಿಶ್ರಾಂತಿ ಕೊಠಡಿ, ಸುರಕ್ಷತೆ, ಹಬ್ಬದ ರಜೆಗಳ ಹೊಂದಾಣಿಕೆ ಇವೆಲ್ಲ ಸಮಿತಿಯ ವಿಷಯಗಳು, ವೇತನ, ಬೋನಸ್, ಕೆಲಸದ ಹೊರೆ, ಕಾರ್ಮಿಕರ ಸಂಖ್ಯೆಯ ಕಡಿತ ಇವು ಅಲ್ಲ. ಈ ಗೆರೆ ಕೇವಲ ಅನುಕೂಲಕ್ಕಾಗಿ ಎಳೆದದ್ದಲ್ಲ. ನಾರ್ತ್ ಬ್ರೂಕ್ ಸೆಣಬು ಕಾರ್ಖಾನೆಯ ಪ್ರಕರಣದಲ್ಲಿ, ಕೆಲಸದ ಹೊರೆ ಹೆಚ್ಚಿಸುವ ಯೋಜನೆಗೆ ವರ್ಕ್ಸ್ ಕಮಿಟಿ ಒಪ್ಪಿದ್ದರೂ ಆ ಒಪ್ಪಿಗೆ ಕಾರ್ಮಿಕರನ್ನು ಕಟ್ಟಿಹಾಕಲಾರದೆಂದು ಸುಪ್ರೀಂ ಕೋರ್ಟ್ 1960ರಲ್ಲಿ ಹೇಳಿತು. ಸಂಘವನ್ನು ಬದಿಗೊತ್ತಲು ಸಮಿತಿಯನ್ನು ಬಳಸಿಕೊಳ್ಳುವ ಯೋಚನೆ ಯಾರಿಗಾದರೂ ಇದ್ದರೆ ಅದನ್ನು ಈಗಲೇ ಬಿಡುವುದು ಒಳಿತು.

ಒಬ್ಬೊಬ್ಬರ ವೈಯಕ್ತಿಕ ದೂರುಗಳಿಗೆ ಬೇರೆಯೇ ಏರ್ಪಾಡಿದೆ. 20 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ, ಹತ್ತಕ್ಕೆ ಮೀರದ ಸದಸ್ಯರ ಕುಂದುಕೊರತೆ ನಿವಾರಣಾ ಸಮಿತಿ ಕಡ್ಡಾಯ. ಅದು 30 ದಿನಗಳಲ್ಲಿ ವಿಚಾರಣೆ ಮುಗಿಸಬೇಕು. ಎರಡನ್ನೂ ಒಂದೇ ಸಭೆಯಲ್ಲಿ ಬೆರೆಸಬಾರದು.

ಮೊದಲ ಸಭೆಗೆ, ಒಂದು ವಾರದಲ್ಲಿ ಮುಗಿಸಬಹುದಾದ ಸಣ್ಣ ವಿಷಯವನ್ನೇ ಆರಿಸಿಕೊಳ್ಳಿ. ಪೇಂಟ್ ಶಾಪಿನ ಕೆಟ್ಟ ವಾಟರ್ ಕೂಲರ್ ಸಾಕು. ನಡಾವಳಿ ಪುಸ್ತಕದಲ್ಲಿ ತೀರ್ಮಾನದ ಪಕ್ಕ ಹೊಣೆ ಹೊತ್ತವರ ಹೆಸರು ಮತ್ತು ಗಡುವಿನ ದಿನಾಂಕಕ್ಕೆ ಎರಡು ಅಂಕಣಗಳಿರಲಿ. ಎರಡನೆಯ ಸಭೆ ಆ ಅಂಕಣಗಳನ್ನು ಗಟ್ಟಿಯಾಗಿ ಓದುವುದರಿಂದಲೇ ಶುರುವಾಗಲಿ. ಆಗದ ಕೆಲಸಕ್ಕೆ ಕಾರಣ ಬರೆದು, ಆಗಿದ್ದರ ಜೊತೆಯಲ್ಲೇ ನೋಟಿಸ್ ಬೋರ್ಡಿಗೆ ಹಾಕಿ. ಕನ್ನಡದಲ್ಲಿ ಹಾಕಿ, ಹೊರ ರಾಜ್ಯದ ಕಾರ್ಮಿಕರಿದ್ದರೆ ಹಿಂದಿಯಲ್ಲೂ ಹಾಕಿ.