ಶೇಂಗಾ ಹುರಿಯುವ ತಾಳ್ಮೆ ಇಲ್ಲದವರು ಫಡ್ಜ್ ಮಾಡಲು ಹೋಗಬೇಡಿ

ಮೊನ್ನೆ ತಂಗಿಯ ಮಗಳು ಡಬ್ಬಿಯ ತುಂಬ ಶೇಂಗಾ ಫಡ್ಜ್ ಮಾಡಿಕೊಂಡು ಬಂದಿದ್ದಳು. ‘ಸಕ್ಕರೆ ಹಾಕಿಲ್ಲ ದೊಡ್ಡಮ್ಮ, ದೊಡ್ಡಪ್ಪನೂ ತಿನ್ನಬಹುದು’ ಎಂದಳು. ಬಾಯಿಗೆ ಹಾಕಿಕೊಂಡರೆ ಸೀದ ವಾಸನೆಯೂ ಇದೆ, ಹಸಿ ರುಚಿಯೂ ಇದೆ, ಅದರ ಮೇಲೆ ಬೆಲ್ಲದ ಪಾಕ! ಬೆಲ್ಲವೂ ಸಕ್ಕರೆಯೇ ಕಣಮ್ಮ, ಬಣ್ಣ ಬೇರೆ ಅಷ್ಟೇ. ಜೇನುತುಪ್ಪವೂ ಹಾಗೆಯೇ. ಸಕ್ಕರೆ ಕಾಯಿಲೆ ಇರುವವರ ಕೈಗೆ ಇಂಥದ್ದನ್ನು ಇಟ್ಟು ‘ಏನೂ ಆಗುವುದಿಲ್ಲ’ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ನಾನು ಹಾಕುವುದು ಖರ್ಜೂರ. ಅದರ ತೂಕದಲ್ಲೂ ಮೂರರಲ್ಲಿ ಎರಡು ಪಾಲು ಸಕ್ಕರೆಯೇ ಎಂದು ಮೊದಲೇ ಹೇಳಿಬಿಡುತ್ತೇನೆ. ಅದಕ್ಕೇ ಹಾಕುವುದು ಕಡಿಮೆ. ನಮ್ಮ ಯಜಮಾನರಿಗೆ ಅಡಿಕೆ ಗಾತ್ರದ ಒಂದೇ ತುಂಡು, ಅದೂ ಅವರ ಆ ದಿನದ ಊಟದ ಲೆಕ್ಕದೊಳಗೆ.

ಖರ್ಜೂರ ಕಡಿಮೆಯಾದರೂ ರುಚಿ ಕಡಿಮೆಯಾಗದಿರುವುದು ಹುರಿಯುವುದರಿಂದ. ಹದವಾಗಿ ಹುರಿದ ಶೇಂಗಾಕ್ಕೆ ತನ್ನದೇ ಸಿಹಿ ಇದೆ. ನಾನು ಬೆಳೆದದ್ದು ಚಳ್ಳಕೆರೆಯಲ್ಲಿ. ಎಣ್ಣೆ ಗಿರಣಿಗಳ ಊರು ಅದು. ಶಾಲೆಗೆ ಹೋಗುವ ದಾರಿಯುದ್ದಕ್ಕೂ ಶೇಂಗಾ ಹಿಂಡಿಯ ವಾಸನೆ. ಅಮ್ಮ ಬಾಣಲೆಯಲ್ಲಿ ಮರಳು ಕಾಯಿಸಿ, ಅದರಲ್ಲಿ ಕಾಳು ಹುರಿದು ಜರಡಿ ಹಿಡಿಯುತ್ತಿದ್ದಳು. ಈಗ ಮರಳು ಬೇಡ, ದಪ್ಪ ತಳದ ಕಬ್ಬಿಣದ ಬಾಣಲೆ ಸಾಕು. ತೆಳು ಪಾತ್ರೆಯಲ್ಲಿ ಹುರಿಯುವುದಾದರೆ ಈ ಕೆಲಸಕ್ಕೇ ಕೈ ಹಾಕಬೇಡಿ.

ಹುರಿಯುವ ಮೊದಲು ಕಾಳನ್ನು ತಟ್ಟೆಯಲ್ಲಿ ಹರಡಿ ಆರಿಸಿಕೊಳ್ಳಿ. ಮುರುಟಿದ್ದು, ಕಪ್ಪಾದದ್ದು, ಬೂಷ್ಟು ಹಿಡಿದದ್ದು ಒಂದೂ ಉಳಿಯಬಾರದು. ಬೂಷ್ಟಿನ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಿರಬಹುದು, ಅದು ಹುರಿದರೂ ಪೂರ್ತಿ ಹೋಗುವುದಿಲ್ಲ. ‘ನಾಲ್ಕು ಕಾಳಿಗೆ ಏನಾಗುತ್ತದೆ’ ಎನ್ನುವ ಸೋಮಾರಿತನ ಇಲ್ಲಿ ಬೇಡ.

ಉರಿ ಸಣ್ಣದಿರಲಿ. ಮೊಬೈಲ್ ಪಕ್ಕಕ್ಕಿಡಿ. ಮೊದಲು ಕಾಳು ಸುಮ್ಮನಿರುತ್ತದೆ, ಆಮೇಲೆ ಅಲ್ಲೊಂದು ಇಲ್ಲೊಂದು ಚಟ್ ಎನ್ನುತ್ತದೆ, ಆಮೇಲೆ ಒಟ್ಟಿಗೇ ಚಟಪಟ. ಎಲ್ಲರೂ ಆಗಲೇ ಒಲೆ ಆರಿಸುತ್ತಾರೆ, ತಪ್ಪಾಗುವುದೇ ಅಲ್ಲಿ. ಆ ಸದ್ದು ತಾನಾಗಿ ಇಳಿಯುವವರೆಗೂ ಕೈಯಾಡಿಸುತ್ತಿರಿ. ಒಂದು ಕಾಳನ್ನು ತೆಗೆದು ಆರಿಸಿ ಎರಡು ಹೋಳು ಮಾಡಿ ನೋಡಿ. ಒಳಮೈ ಹಸಿ ಬಿಳುಪು ಬಿಟ್ಟು ತೆಳು ಕೆನೆಬಣ್ಣಕ್ಕೆ ತಿರುಗಿರಬೇಕು. ಕಾರ್ತಿಕದ ಹೊತ್ತಿಗೆ ಬರುವ ಹೊಸ ಬೆಳೆಯಲ್ಲಿ ಪಸೆ ಹೆಚ್ಚು, ಅದಕ್ಕೆ ಇನ್ನಷ್ಟು ಹೊತ್ತು ಬೇಕು.

ಇನ್ನು ನಾನು ಯಾರ ಮಾತಿಗೂ ಬಿಟ್ಟುಕೊಡದ ಕ್ರಮ. ಬಿಸಿ ಬಾಣಲೆಯಲ್ಲೇ ಕಾಳು ಬಿಟ್ಟರೆ ಅದು ಹುರಿಯುತ್ತಲೇ ಹೋಗಿ ಕಹಿಯಾಗುತ್ತದೆ. ಹಳೆಯ ಹತ್ತಿ ಪಂಚೆಯ ತುಂಡನ್ನು ನಾಲ್ಕು ಮಡಿಕೆ ಹಾಸಿ, ಕಾಳನ್ನು ಅದರ ಮೇಲೆ ಸುರಿದು, ಗಂಟು ಕಟ್ಟಿ ಒಂದು ಕಾಫಿ ಕುಡಿಯುವಷ್ಟು ಹೊತ್ತು ಬಿಡಿ. ಒಳಗಿನ ಕಾವಿಗೆ ಸಿಪ್ಪೆ ಸಡಿಲವಾಗುತ್ತದೆ, ಹಬೆಯನ್ನು ಬಟ್ಟೆ ಹೀರಿಕೊಳ್ಳುತ್ತದೆ. ಆಮೇಲೆ ಗಂಟು ಬಿಚ್ಚದೆಯೇ ಎರಡೂ ಅಂಗೈಯಿಂದ ಒತ್ತಿ ಉಜ್ಜಿ. ಒಳಗೆ ಸಿಪ್ಪೆ ಸರಸರ ಎನ್ನುವುದು ಕೈಗೇ ತಿಳಿಯುತ್ತದೆ. ಮೊರಕ್ಕೆ ಹಾಕಿ ಕೇರಿ. ಕಾಳಿನ ತುದಿಯ ಪುಟ್ಟ ಮೂತಿಯೂ ಸಿಪ್ಪೆಯೊಂದಿಗೆ ಹಾರಿಹೋಗಬೇಕು, ಅದು ನಾಲಿಗೆಗೆ ಕಹಿ ಬಿಡುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದವರನ್ನೂ ನೋಡಿದ್ದೇನೆ. ಅದರೊಳಗೆ ಹಬೆ ನೀರಾಗಿ ಹುರಿದದ್ದೆಲ್ಲ ಮೆತ್ತಗಾಗುತ್ತದೆ.

ಕಾಳು ಉಗುರುಬೆಚ್ಚಗಿರುವಾಗಲೇ ಒಣಗಿದ ಜಾರಿಗೆ ಹಾಕಿ ರುಬ್ಬಿ. ಮೊದಲು ಪುಡಿ, ಆಮೇಲೆ ಮುದ್ದೆಯಾಗಿ ಜಾರಿನ ಗೋಡೆಗೆ ಅಂಟುತ್ತದೆ. ತಿರುಗುತ್ತಿಲ್ಲವೆಂದು ಆಗ ನೀರು ಹಾಕಿದಿರೋ, ಕೆಟ್ಟಿತು! ಮುದ್ದೆ ಗಡುಸಾಗಿ ಕೂರುತ್ತದೆ, ಬೇಗ ಹಳಸುತ್ತದೆ. ಶೇಂಗಾದ ತೂಕದಲ್ಲಿ ಸುಮಾರು ಅರ್ಧ ಎಣ್ಣೆಯೇ ಇರುವಾಗ ನೀರೇಕೆ, ಬೇರೆ ಎಣ್ಣೆಯೇಕೆ? ಗೋಡೆಗೆ ಅಂಟಿದ್ದನ್ನು ಚಮಚದಲ್ಲಿ ಕೆರೆದು ಕೆಳಗೆ ತಳ್ಳಿ, ಮಿಕ್ಸಿಗೂ ನಡುನಡುವೆ ವಿಶ್ರಾಂತಿ ಕೊಟ್ಟು ಮತ್ತೆ ತಿರುಗಿಸಿ. ತಾನಾಗಿ ಎಣ್ಣೆ ಬಿಟ್ಟು ದೋಸೆ ಹಿಟ್ಟಿನಂತೆ ಹೊಳೆಯುತ್ತ ಜಾರುತ್ತದೆ. ಕಡೆಗೆ ಒಂದು ಚಿಟಿಕೆ ಉಪ್ಪು, ಅದನ್ನು ಮರೆಯಬೇಡಿ.

ಜಿಡ್ಡಾದ ಆ ಜಾರನ್ನು ನೇರ ನಲ್ಲಿಯ ಕೆಳಗೆ ಹಿಡಿಯಬೇಡಿ. ಒಂದು ಹಿಡಿ ಹುರಿಗಡಲೆ, ಎರಡು ಒಣಮೆಣಸಿನಕಾಯಿ, ಉಪ್ಪು ಹಾಕಿ ಒಮ್ಮೆ ತಿರುಗಿಸಿ. ಜಿಡ್ಡೆಲ್ಲ ಪುಡಿಗೆ ಹತ್ತಿ ಚಟ್ನಿಪುಡಿಯಾಗುತ್ತದೆ, ಜಾರು ತೊಳೆಯುವುದೂ ಹಗುರ.

ಒಂದು ಬಟ್ಟಲು ಶೇಂಗಾಕ್ಕೆ ಏಳೆಂಟು ಮೆತ್ತನೆಯ ಖರ್ಜೂರ ನನಗೆ ಸಾಕು. ಬೀಜ ತೆಗೆದು, ಹೆಚ್ಚಿ, ಒಂದು ಚಮಚ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಚಮಚದ ಬೆನ್ನಿನಿಂದ ಒತ್ತುತ್ತ ಬಾಡಿಸಿ. ಕೆಳಗಿಳಿಸಿ, ಆರಿದ ಮೇಲೆ ರುಬ್ಬಿದ ಶೇಂಗಾ, ಏಲಕ್ಕಿ ಪುಡಿ, ಒಂದು ಹಿಡಿ ಒಣಕೊಬ್ಬರಿ ತುರಿ ಸೇರಿಸಿ. ಚಪಾತಿ ಹಿಟ್ಟಿನ ಹಾಗೆ ನಾದಬೇಡಿ. ಹೆಚ್ಚು ನಾದಿದಷ್ಟೂ ಎಣ್ಣೆ ಒಸರಿ ಬೆರಳ ಸಂದಿಯಲ್ಲಿ ಇಳಿಯುತ್ತದೆ. ಹಾಗಾದರೆ ಇನ್ನಷ್ಟು ಕೊಬ್ಬರಿ ಉದುರಿಸಿ, ಅದು ಹೀರಿಕೊಳ್ಳುತ್ತದೆ. ತುಪ್ಪ ಸವರಿದ ತಟ್ಟೆಗೆ ತಟ್ಟಿ, ಎರಡು ಗಂಟೆ ಫ್ರಿಜ್‌ನಲ್ಲಿಟ್ಟು ಕತ್ತರಿಸಿ.

ಮುಚ್ಚಳ ಬಿಗಿಯಾದ ಒಣ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟರೆ ಹತ್ತು ದಿನ ಧಾರಾಳವಾಗಿ ಇರುತ್ತದೆ. ಬೇಸಗೆಯಲ್ಲಿ ಹೊರಗಿಟ್ಟರೆ ಮೆತ್ತಗಾಗುತ್ತದೆ. ಮುಚ್ಚಳ ತೆಗೆದಾಗ ಕಮಟು ವಾಸನೆ ಬಂದರೆ ಮುಲಾಜು ನೋಡದೆ ಎಸೆಯಿರಿ, ಕೆಲಸದವಳ ಕೈಗೆ ದಾಟಿಸಬೇಡಿ.